ಮುಯ್ಯಿಗೆ ಒಂದು ಹೊಲ

ನನಗೆ ಹೊಲವಿಲ್ಲ, ಎಂದೂ ಇರಲಿಲ್ಲ. ಆದರೂ ಚನ್ನರಾಯಪಟ್ಟಣದ ದಾರಿಯಲ್ಲಿ ಬಸ್ಸು ಒಂದು ತಿರುವಿಗೆ ಬಂದಾಗ ಕಿಟಕಿಯಿಂದ ಕತ್ತು ಹೊರಹಾಕಿ ನನ್ನ ಹೊಲವನ್ನು ಹುಡುಕುತ್ತೇನೆ. ಪಕ್ಕದಲ್ಲಿ ಕುಳಿತವರು ನನಗೆ ವಾಂತಿ ಬರುತ್ತಿದೆಯೆಂದುಕೊಂಡು ಸರಿದು ಕೂರುತ್ತಾರೆ.

ಇದು ಶುರುವಾದದ್ದು ಶ್ರಮದಾನದಿಂದ. ಆಗ ನಾನು ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ದೇಶ ಕಟ್ಟುವ ಮಾತು ಎಲ್ಲರ ಬಾಯಲ್ಲೂ ಇತ್ತು. ಬೇಸಿಗೆ ರಜದಲ್ಲಿ ನಾವು ಹತ್ತು ಹನ್ನೆರಡು ಮಂದಿ ಅರಕಲಗೂಡಿನಾಚೆಯ ಒಂದು ಹಳ್ಳಿಯ ಗಾಡಿದಾರಿ ಸರಿಮಾಡಲು ಹೋದೆವು. ಅಲ್ಲಿ ಇಳಿದಾಗ ಊರೆಲ್ಲ ಮಂಜಿನಲ್ಲಿ ತೇಲುತ್ತಿತ್ತೆಂದು ನನ್ನ ನೆನಪು. ಮೇ ತಿಂಗಳಲ್ಲಿ ಎಲ್ಲಿಯ ಮಂಜು? ಬಸ್ಸು ಎಬ್ಬಿಸಿದ ಧೂಳಿರಬೇಕು. ನೆನಪೂ ನನ್ನ ತಾಯಿಯ ಹಾಗೆಯೇ. ಸಾರಿಸಿ ರಂಗೋಲಿ ಇಡದೆ ಯಾರನ್ನೂ ಒಳಕ್ಕೆ ಕರೆಯುವುದಿಲ್ಲ.

ಎರಡನೆಯ ದಿನಕ್ಕೆ ಅಂಗೈಯಲ್ಲಿ ಬೊಕ್ಕೆ ಎದ್ದವು. ಮೂರನೆಯ ದಿನ ಬೋರೇಗೌಡರು ಬಂದು ನನ್ನೆದುರು ನಿಂತರು. ಆ ದಾರಿಯ ಕೊನೆಯಲ್ಲಿದ್ದುದು ಅವರ ಹೊಲ. ಹಿಂದಿನ ಮಳೆಗಾಲದ ಕೆಸರಿನಲ್ಲಿ ಅವರ ಎತ್ತೊಂದು ಕಾಲು ಮುರಿದುಕೊಂಡಿತ್ತು.

"ನಿಮ್ ವಲ ಎಲ್ಲೈತಪ್ಪ?"

ಆ ಕಡೆ ಮುಯ್ಯಾಳಿನ ಪದ್ಧತಿ. ಇಂದು ನೀವು ನನಗೆ ಒಂದು ದಿನ ದುಡಿದರೆ, ನಾಳೆ ನಾನು ನಿಮ್ಮ ಹೊಲದಲ್ಲಿ ಒಂದು ದಿನ ದುಡಿಯಬೇಕು. ಆ ಮುಯ್ಯಿ ತೀರಿಸದವನು ಊರಿನಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ನಮಗೆ ಹೊಲವಿಲ್ಲ, ಇದು ದಾನ ಎಂದು ನಮ್ಮ ಮುಂದಾಳು ವಿವರಿಸಿದ.

"ದಾನ ತಕ್ಕಳಕ್ಕೆ ನಾವೇನು ಪುರೋಯ್ತರಾ? ವಲ ಇಲ್ದೋರ ಕೈಲಿ ಮಾಡಿಸ್ಕಂಡ್ರೆ ಬಿಟ್ಟಿ ಆಯ್ತದೆ. ಮಡಗಪ್ಪ ಗುದ್ದಲೀಯ."

ದಾರಿ ಬೇಕಾದದ್ದು ಅವರಿಗೇ. ಬೇಡವೆಂದು ನನ್ನ ಗುದ್ದಲಿ ಹಿಡಿದವರೂ ಅವರೇ. ಬರಿಗೈಯಲ್ಲಿ ಹಾಸನಕ್ಕೆ ಮರಳುವುದನ್ನು ನೆನೆದು ನಾನು ಸುಳ್ಳು ಹೇಳಿದೆ.

"ನನಗೆ ಹೊಲ ಇದೆ ಗೌಡರೇ, ಚನ್ನರಾಯಪಟ್ಟಣದ ದಾರೀಲಿ."

"ಕೆಂಪು ಮಣ್ಣೋ, ಎರೆಯೋ?"

"ಕೆಂಪು."

"ನೆಳ್ಳಿಗೇನೈತೆ?"

"ಹೊಂಗೆ ಮರ."

ಗುದ್ದಲಿ ಬಿಟ್ಟರು. "ಅಂಗಾದ್ರೆ ರಾಗಿ ಕಳೆ ಕೀಳಕ್ಕೆ ಬತ್ತೀನಿ ಕಣಪ್ಪ" ಎಂದು ಹಾಸನದ ನಮ್ಮ ಮನೆಯ ಗುರುತು ಕೇಳಿಕೊಂಡರು.

ಅಂದಿನಿಂದ ನನ್ನ ಹೊಲ ಬೆಳೆಯತೊಡಗಿತು. ಮಧ್ಯಾಹ್ನ ಮುದ್ದೆ ಉಂಡು ಕೆರೆ ಏರಿಯ ಮೇಲೆ ಒರಗಿದರೆ ಕಣ್ಣು ಮುಚ್ಚುವ ಮೊದಲೇ ಹೊಂಗೆಯ ನೆರಳು ಬರುತ್ತಿತ್ತು. ಮರದ ಬುಡಕ್ಕೊಂದು ಚಪ್ಪಡಿ ಕಲ್ಲು ಹಾಕಿದೆ. ಮೂಡಣ ಬದುವಿನಲ್ಲಿ ಪಕ್ಕದ ಹೊಲದವನೊಡನೆ ಸಣ್ಣದೊಂದು ಜಗಳವನ್ನೂ ಇಟ್ಟುಕೊಂಡೆ. ಜಗಳವಿಲ್ಲದ ಬದುವನ್ನು ಯಾರು ನಂಬುತ್ತಾರೆ? ನಾವು ಮಾಡಿದ ದಾರಿ ಕೆರೆಯ ಎಡಕ್ಕಿತ್ತೋ ಬಲಕ್ಕಿತ್ತೋ, ಇಂದು ಹೇಳಲಾರೆ. ಆ ಚಪ್ಪಡಿಯ ಬಿಸುಪು ಮಾತ್ರ ಇನ್ನೂ ಬೆನ್ನಿಗೆ ತಾಗುತ್ತದೆ.

ಕಳೆ ಕೀಳುವ ಕಾಲಕ್ಕೆ ಬೋರೇಗೌಡರು ಬಂದೇಬಿಟ್ಟರು. ಹೆಗಲ ಮೇಲಿನ ಟವಲಿನ ತುದಿಯಲ್ಲಿ ಏನೋ ಗಂಟು, ಕೈಯಲ್ಲಿ ಕುಡುಗೋಲು. ಅಮ್ಮ ಕಾಫಿ ಕೊಟ್ಟರು. "ನಡಿಯಪ್ಪ, ಬಸ್ಸಿಗೆ ಒತ್ತಾಯ್ತದೆ" ಎಂದರು ಗೌಡರು. ನಾನು ತಲೆ ತಗ್ಗಿಸಿ ನಿಜ ಹೇಳಿದೆ. ಅವರು ಲೋಟದ ತಳದ ಸಕ್ಕರೆಯವರೆಗೂ ಕುಡಿದರು.

"ಗೊತ್ತು ಬುಡು. ಗುದ್ದಲೀಯ ಸೌಟು ಇಡ್ದಂಗೆ ಇಡ್ದಿದ್ದೆ."

"ಮತ್ತೆ ಇಷ್ಟು ದೂರ ಯಾಕೆ ಬಂದಿರಿ?"

"ವಲ ಸುಳ್ಳು. ನಿನ್ ಕೈ ಬೊಕ್ಕೆ ಸುಳ್ಳಾ?"

ಹಿತ್ತಲಿಗೆ ಹೋದರು. ನಾಲ್ಕು ಹೆಜ್ಜೆಗೆ ಮುಗಿಯುವ ಮಣ್ಣು, ಅಮ್ಮನ ದಂಟಿನ ಪಾತಿ. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೊತ್ತು ಇಳಿಯುವವರೆಗೂ ಕಳೆ ಕಿತ್ತರು. ಅಷ್ಟು ಕಳೆ ಅಲ್ಲಿರಲಿಲ್ಲ. ದಿನ ತುಂಬಬೇಕಲ್ಲ, ಕೊನೆಗೆ ದೊಡ್ಡಪತ್ರೆಯನ್ನೂ ಕಿತ್ತರೆಂದು ಅಮ್ಮನ ದೂರು. ಹೊರಡುವಾಗ ಟವಲಿನ ಗಂಟು ಬಿಚ್ಚಿ ಹೊಂಗೆ ಬೀಜ ತೆಗೆದು ಬೇಲಿಯ ಮೂಲೆಯಲ್ಲಿ ಊರಿದರು.

"ನಿನ್ ವಲಕ್ಕೆ ನೆಳ್ಳು ಬ್ಯಾಡ್ವಾ?"

ಬೀಜವಲ್ಲ, ಅವರು ತಂದದ್ದು ಸಸಿ ಎನ್ನುತ್ತಾರೆ ಅಮ್ಮ. ಅದೂ ಆ ದಿನವಲ್ಲ, ಮುಂದಿನ ವರ್ಷವಂತೆ. ಇರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೂ ಸೋಲಲು ಮನಸ್ಸಿಲ್ಲ. ಬಿಸಿಲು ಏರಿದ ಮೇಲೆ ನಾವಿಬ್ಬರೂ ಈ ವಾದ ಶುರುಮಾಡುತ್ತೇವೆ, ಆ ಮರದ ನೆರಳಿನಲ್ಲಿ ಕುಳಿತು.