ದಿವೇಘಾಟಿನಲ್ಲಿ ನಿಂತ ಪದ್ಯ

ಮುರುಗೆಪ್ಪನ ಕಣ್ಣಿನ ಪೊರೆ ತೆಗೆಯಲು ಏಪ್ರಿಲ್ ಎಂಟಕ್ಕೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕೊರೋನಾ ಮುಗಿಯಲಿ, ಆಮೇಲೆ ನೋಡೋಣ ಎಂದು ಆಸ್ಪತ್ರೆಯವರು ಫೋನಿಟ್ಟರು.

ಅವನು ಇಂಡಿ ಕಡೆಯವನು. ಪುಣೆಯ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಜೋಳ, ಗೋಧಿ ತೂಗಿದ. ಮನೆಗೆ ಬಂದು ಮೈಮೇಲಿನ ಧೂಳು ತೊಳೆದು ಪದ್ಯ ಬರೆಯುತ್ತಿದ್ದ. ನಲವತ್ತು ಸಾಲು, ಐವತ್ತು ಸಾಲು. ಕನ್ನಡ ಸಂಘದಲ್ಲಿ ಅವನು ಓದಲು ಎದ್ದರೆ ಜನ ಚಹಾಕ್ಕೆ ಏಳುತ್ತಿದ್ದರು. ಹೆಂಡತಿ ಶಿವಬಸವ್ವ ಅದನ್ನು ಕಂಡಿದ್ದಳು. ಅವನಿಗೆ ಹೇಳಿರಲಿಲ್ಲ.

ಕಣ್ಣು ಮಂಜಾದ ಮೇಲೆ ಬರೆಯಲೂ ಆಗಲಿಲ್ಲ, ಓದಲೂ ಆಗಲಿಲ್ಲ. ಹದಿನೈದು ದಿನ ಗೋಡೆಗೆ ಮುಖ ಮಾಡಿ ಕೂತ. ಊಟ ಅರ್ಧ ಬಿಟ್ಟ. ಹದಿನಾರನೆಯ ದಿನ ಅವಳೇ ಪೆನ್ನು ಹಿಡಿದಳು.

ಅವಳು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಹುಣಸೆ ಬೀಜದಷ್ಟು ದೊಡ್ಡವು. ಕಾಗದದ ಅಂಗಡಿ ಮುಚ್ಚಿದ್ದವು. ಅಡತಿಯವರು ವರ್ಷಾ ವರ್ಷ ಕೊಟ್ಟ ಹಳೇ ಕ್ಯಾಲೆಂಡರುಗಳ ಹಿಂಬದಿ ಖಾಲಿ ಇತ್ತು. ಒಂದು ಹಾಳೆಗೆ ಹನ್ನೆರಡು ಸಾಲು ಹಿಡಿಯುತ್ತಿದ್ದವು. ಹಾಳೆ ಮುಗೀತ್ರಿ ಎನ್ನುವಳು. ಹಂಗಾದ್ರ ಪದ್ಯನೂ ಮುಗೀತು ಎನ್ನುವನು.

ಸಂಘದಲ್ಲಿ ಮಧುಕರ್ ಎಂಬ ಹುಡುಗ ಇದ್ದ. ಮೈಸೂರಿನವನು, ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸ. ಭಾನುವಾರಕ್ಕೊಮ್ಮೆ ಎಲ್ಲರನ್ನೂ ಫೋನಿನಲ್ಲಿ ಕೂಡಿಸಿ ಪದ್ಯ ಓದಿಸುತ್ತಿದ್ದ. ಶಿವಬಸವ್ವ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಪಿಸುಗುಟ್ಟುವಳು, ಮುರುಗೆಪ್ಪ ಹೇಳುವನು. ಜನ ಎದ್ದು ಹೋಗಲಿಲ್ಲ. ಇನ್ನೊಂದು ಓದಿ ಎಂದರು. ಹಾಗೆ ಯಾರೂ ಅವನನ್ನು ಎಂದೂ ಕೇಳಿರಲಿಲ್ಲ.

ಪ್ರತಿವರ್ಷ ಆಷಾಢ ಏಕಾದಶಿಯ ಯಾತ್ರೆಗೆ ಸಂತರ ಪಾದುಕೆ ಹೊತ್ತು ಹೊರಡುವ ಪಾಲಕಿಯ ಜೊತೆ ಅವನು ಪುಣೆಯಿಂದ ಸಾಸವಡದ ತನಕ ನಡೆಯುತ್ತಿದ್ದ. ಒಂದೇ ದಿನ, ಆದರೆ ತಪ್ಪಿಸಿದವನಲ್ಲ. ಆ ವರ್ಷ ಪಾದುಕೆಗಳು ಬಸ್ಸಿನಲ್ಲಿ ಹೋದವು. ಅವನು ಗೋಡೆಗೆ ಒರಗಿ ಪದ್ಯದಲ್ಲಿ ನಡೆಯತೊಡಗಿದ. ಹಡಪಸರ ದಾಟಿದ. ದಿವೇಘಾಟ್ ಹತ್ತಿದ. ಆರು ಸಾಲಾಗಿತ್ತು. ಹಂಚಿನ ಮೇಲೆ ರೊಟ್ಟಿ, ಅವಳ ಮೊಣಕಾಲಲ್ಲಿ ನೋವು.

ಹಾಳೆ ಮುಗೀತ್ರಿ ಎಂದಳು.

"ಇಷ್ಟ್ ಲಗೂನ?"

"ಹೌದ್ರಿ."

ಅವನು ತೆರೆದ ಬಾಯಿ ಮುಚ್ಚಿದ. ಪದ್ಯ ಘಾಟಿನಲ್ಲೇ ನಿಂತಿತು. ಭಾನುವಾರ ಎಲ್ಲಕ್ಕಿಂತ ಅದನ್ನೇ ಹೊಗಳಿದರು. ಆಮೇಲೆ ಸುಳ್ಳು ಅವಳಿಗೆ ರೂಢಿಯಾಯಿತು. ನಿದ್ದೆ ಬಂದರೂ ಹಾಳೆ ಮುಗಿಯುತ್ತಿತ್ತು. ಕಣ್ಣು ಬಂದ ದಿನ ಇವನಿಗೆ ಏನು ಹೇಳಲಿ ಎಂದು ರೊಟ್ಟಿ ಬಡಿಯುವಾಗೆಲ್ಲ ಅದೇ ಚಿಂತೆ.

ಜನವರಿಯಲ್ಲಿ ಪೊರೆ ತೆಗೆದರು. ಕಪ್ಪು ಕನ್ನಡಕ ಬಿಚ್ಚಿದ ದಿನ ಅವನು ಟ್ರಂಕು ತೆರೆದ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಒಂದೊಂದೇ ಹಾಳೆ ಕಿಟಕಿಗೆ ಹಿಡಿಯುವ ಸಪ್ಪಳ ಕೇಳುತ್ತಿತ್ತು.

"ಬಸವ್ವಾ, ಇಲ್ಲೆ ಅರ್ಧಾ ಹಾಳಿ ಖಾಲಿ ಅದಲ್ಲ."

"ರೊಟ್ಟಿ ಹೊತ್ತಲಿಕ್ಕ ಹತ್ತಿತ್ರಿ."

"ಇಷ್ಟೂ ಹಾಳಿಗೂ?"

ಅವಳು ಕೈ ಸೆರಗಿಗೆ ಒರೆಸಿದಳು. ಕೈ ಒದ್ದೆ ಇರಲಿಲ್ಲ.

ಅವನು ಕೆಮ್ಮು ಬರುವ ತನಕ ನಕ್ಕ. "ಘಾಟ್ ಹತ್ತಿಸಿ ನಡಬರಕ ಕೈಬಿಟ್ಟಿ ನೋಡು ನನ್ನ. ಸಾಸವಡ ಮುಟ್ಟಲೇ ಇಲ್ಲ ನಾ."

ಸಾಸವಡದಲ್ಲಿ ಏನಿತ್ತು ಎಂದು ಅವಳು ಕೇಳಿದಳು. ಈಗ ನೆನಪಿಲ್ಲ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದು ಒಳಗೆ ನಾಟಿತು.

ಒಂದು ತಿಂಗಳು ತಾನೇ ಬರೆದ. ಮತ್ತೆ ಐವತ್ತು ಸಾಲು. ಆಮೇಲೆ ಒಂದು ದಿನ ಕ್ಯಾಲೆಂಡರ್ ಹಾಳೆ ತಂದು ಅವಳ ಮುಂದಿಟ್ಟ, ನೀನೇ ಬರಿ ಎಂದ. ಕಣ್ಣು ಚೆನ್ನಾಗಿದ್ದೂ ಹೇಳಿಸಿ ಬರೆಸಿದ. ಅವಳು ಮಾತ್ರ ಕೊನೆಯ ಗೆರೆ ತುಂಬುವ ತನಕ ಮುಗೀತು ಎನ್ನುತ್ತಿರಲಿಲ್ಲ.

ಕಳೆದ ವರ್ಷ ಅವನ ಎದೆ ಸೋತಿತು. ಮಂಚ ಹಿಡಿದ. ಪಾಲಕಿ ಊರು ದಾಟಿದ ಮಧ್ಯಾಹ್ನ, ಘಾಟಿನ ಪದ್ಯ ತಾ ಎಂದ. ತಂದಳು. ಕೆಳಗಿನ ಅರ್ಧ ಇನ್ನೂ ಖಾಲಿ ಇತ್ತು. ಅಲ್ಲಿಂದ ಹೇಳತೊಡಗಿದ. ಧ್ವನಿ ಎಳೆಯಂತಿತ್ತು. ಘಾಟ್ ಮುಗಿಯಿತು, ಬಯಲು ಬಂತು. ಹಾಳೆ ತುಂಬಿತು.

ಅವಳು ಬಾಯಿ ತೆರೆದಳು, ಮುಚ್ಚಿದಳು. ಹಾಳೆ ತಿರುವಿದಳು. ಆ ಕಡೆ ಜೂನ್ ತಿಂಗಳು. ತಾರೀಖುಗಳ ಮೇಲೆ, ಏಕಾದಶಿಯ ಮೇಲೆ, ಕೆಂಪು ಭಾನುವಾರಗಳ ಮೇಲೆ ಬರೆಯುತ್ತ ಹೋದಳು. ಅವನು ಸಾಸವಡಕ್ಕೆ ಬಂದ. ಅಲ್ಲಿ ಒಂದು ರೂಪಾಯಿಯ ಫೋನಿತ್ತು. ಕಾಲಲ್ಲಿ ಗುಳ್ಳೆ ಎದ್ದವನೊಬ್ಬ ನಾಣ್ಯ ಹಾಕಿ, ನೆರೆಮನೆಯವರನ್ನು ಬೇಡಿ ಹೆಂಡತಿಯನ್ನು ಕರೆಸಿ, ನಾ ಮುಟ್ಟೀನಿ, ರೊಟ್ಟಿ ಇಡು ಎಂದ.

ವರ್ಷಾ ವರ್ಷ ಆ ಫೋನು ಅವಳಿಗೇ ಬರುತ್ತಿತ್ತು. ಅವಳ ಪೆನ್ನು ನಿಂತಿತು. ಮತ್ತೆ ಹೊರಟಿತು.

"ಹಾಳಿ ಮುಗೀತೇನ?"

"ಇಲ್ರಿ. ಇನ್ನಾ ಜಾಗಾ ಅದ."

ಬೆರಳಗಲ ಉಳಿದಿತ್ತು. ಸಾಕು ಎಂದು ಅವನೇ ಕಣ್ಣು ಮುಚ್ಚಿ ಮಲಗಿದ. ಆಮೇಲೆ ಹನ್ನೊಂದು ದಿನ ಇದ್ದ.

ಪುಸ್ತಕ ಮಾಡಬೇಕೆಂದು ಮಧುಕರ್ ಮೊನ್ನೆ ಬಂದ. ಹಾಳೆ ತಿರುಗಿಸಿ ಮುರುಗಿಸಿ ನೋಡಿದ. ಅಂಕಿಯ ಮೇಲಿನ ಅಕ್ಷರ ಅವನಿಗೆ ಓದಲಾಗಲಿಲ್ಲ.

"ಅಮ್ಮಾ, ಈ ಪದ್ಯ ಘಾಟಲ್ಲೇ ನಿಂತ್ರೆ ಚೆನ್ನಾಗಿರುತ್ತೆ. ಎಲ್ರಿಗೂ ಅದೇ ಇಷ್ಟ ಆಗಿತ್ತು."

"ಅಲ್ಲೆ ನಿಲ್ಲಿಸಿದಾಕಿ ನಾನು. ಅವರು ಹೋಗಿ ಮುಟ್ಯಾರ. ಬರಕೊ ತಮ್ಮಾ."

ಅವಳು ಬೆರಳಿಟ್ಟು ಓದತೊಡಗಿದಳು. ಕೈಯಲ್ಲಿ ಕನ್ನಡ ಬರೆದು ಅವನಿಗೆ ವರ್ಷಗಳಾಗಿದ್ದವು. ಏಕಾದಶಿಯ ಹತ್ತಿರ ಬಂದಾಗ, ಸ್ವಲ್ಪ ತಡೀರಿ ಎಂದ. ಅವಳು ಬೆರಳು ಎತ್ತದೆ ತಡೆದಳು.