ಓಸ್ಟರ್ಲೆ ಸಾಹೇಬರ ಅಳತೆಪಟ್ಟಿ
ಲ್ಯಾಂಕಶೈರಿನ ಗಿರಣಿಗಳನ್ನು ನೋಡಲು ದೇಶದೇಶಗಳಿಂದ ಬರುವ ಸುಧಾರಕರಿಗೆಲ್ಲ ಹೆಪ್ಸಿಬಾ ಬಾಡಿಗೆ ಕೋಣೆ ಕೊಟ್ಟವಳೇ. ಆದರೆ ಜರ್ಮನಿಯ ಈ ಓಸ್ಟರ್ಲೆ ಸಾಹೇಬರಷ್ಟು ಅವಳನ್ನು ಬೆಚ್ಚಿಬೀಳಿಸಿದವರು ಬೇರೊಬ್ಬರಿಲ್ಲ. ಬಂದ ದಿನವೇ ಅವಳ ಕಿಟಕಿಗೆ ಅಳತೆಪಟ್ಟಿ ಹಿಡಿದರು, ಚರಂಡಿಗೆ ಬಗ್ಗಿ ಮೂಸಿದರು, "ಒಂದು ಹಾಸಿಗೇಲಿ ಎಷ್ಟು ಜನ ಮಲಗ್ತೀರಮ್ಮ?" ಎಂದು ಪಾದ್ರಿಯ ಎದುರೇ ಕೇಳಿ ಅವಳ ಮಾನ ಕಳೆದರು. ಏನು ಕಂಡರೂ "ಇದನ್ನ ನಮ್ಮೂರಿಗೆ ಒಯ್ತೀನಿ!" ಎಂದು ಪುಸ್ತಕದಲ್ಲಿ ಗೀಚಿಕೊಳ್ಳುವುದು. ಒಂಬತ್ತು ತುಂಬದ ಮಕ್ಕಳನ್ನು ಗಿರಣಿಗೆ ಸೇರಿಸಬಾರದು, ಡಾಕ್ಟರು ಹಲ್ಲು ನೋಡಿ ವಯಸ್ಸು ಬರೆದುಕೊಡಬೇಕು ಎಂಬ ಕಾನೂನಿನ ಮಾತು ಬಂದರಂತೂ "ನಮ್ಮಲ್ಲೂ ಇದೆ, ನಿಮ್ಮಿಂದಲೇ ಕಲಿತದ್ದು!" ಎಂದು ಎದೆಯುಬ್ಬಿಸುವರು. ಒಂದು ದಿನ ಚಹಾ ಬಗ್ಗಿಸುತ್ತ ಹೆಪ್ಸಿಬಾ ಕಿಚಾಯಿಸಿದಳು: "ಗಿರಣಿಗೆ ಹೋಗೋ ನಮ್ ಕಿರಿಮಗಳು ಟಬಿತಾಗೆ ಇನ್ನೂ ಏಳೇ ಸಾಹೇಬ್ರೆ. ಅವಳ ಹೆಸರು ಹೇಳಿ ಅವಳಕ್ಕನ ಹಲ್ಲು ತೋರಿಸ್ದೆ, ಡಾಕ್ಟ್ರು ಸಹಿ ಹಾಕ್ಬಿಟ್ರು. ಇದನ್ನೂ ಒಯ್ರಿ!" ಸಾಹೇಬರು ಪುಸ್ತಕ ಮುಚ್ಚಿದರು. "ಇದನ್ನ ಒಯ್ಯಬೇಕಾಗಿಲ್ಲಮ್ಮ. ನಿಮ್ಮ ಕಾನೂನು ನಮ್ಮೂರಿಗೆ ಬಂದ ವರ್ಷವೇ ಇದೂ ಅದರ ಜೊತೆಗೆ ಬಂದಿತ್ತು. ಡಾಕ್ಟರ ಮುಂದೆ ನನ್ನ ಹೆಸರಲ್ಲಿ ನಮ್ಮಣ್ಣ ಬಾಯಿ ತೆರೆದ. ನಂಗಾಗ ಆರು ವರ್ಷ." ಕಪ್ಪು ತುಂಬಿ ಚಹಾ ಬಸಿಗೆ ಹರಿಯುತ್ತಿದ್ದುದು ಹೆಪ್ಸಿಬಾಗೆ ಕಾಣಲೇ ಇಲ್ಲ.