ಕೊಯ್ದ ಮೀನನ್ನು ನದಿಗೆ ಬಿಡುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಡಕ್ಕೆ ಕಟ್ಟಿದ ಅಗಲ ದೋಣಿಯಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬರು ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಸ್ಪಂಜನ್ನು ತೊಟ್ಟಿಲಿನಂತೆ ಕೊರೆದು ಮಾಡಿದ ಹಾಸಿಗೆ. ಅದರಲ್ಲಿ ಮೊಳದುದ್ದದ ಮೀಸೆ ಮೀನೊಂದು ಹೊಟ್ಟೆ ಮೇಲಾಗಿ ಮಲಗಿದೆ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿಟ್ಟು ಅದಕ್ಕೆ ಮತ್ತು ಬರಿಸಿದ್ದಾರೆ. ಸಣ್ಣ ಕೊಳವೆಯಿಂದ ಬಾಯಿಗೆ ನೀರು ಹರಿಯುತ್ತಿದೆ. ಅವರು ಕತ್ತಿ ಎಳೆಯುತ್ತಾರೆ. ಉಗುರಿನಷ್ಟು ಸೀಳು. ಪೆನ್ನಿನ ಮುಚ್ಚಳದ ಅರ್ಧದಷ್ಟಿರುವ ಕಪ್ಪು ಕೊಳವೆಯೊಂದು ಒಳಗೆ ಜಾರುತ್ತದೆ. ಮೂರು ಹೊಲಿಗೆ. ಜೀವಂತ ಹೊಟ್ಟೆಯೊಂದು ಹೀಗೆ ತೆರೆದು ಮುಚ್ಚಿಕೊಳ್ಳುವುದನ್ನು ನಾನು ಹಿಂದೆಂದೂ ನೋಡಿದವಳಲ್ಲ.

"ನೀವು ಉಸಿರು ಬಿಡಿ ಅಮ್ಮಾ," ತಲೆ ಎತ್ತದೆ ಹೇಳುತ್ತಾರೆ. "ಮೀನೇ ಉಸಿರಾಡ್ತಿದೆ."

ದೋಣಿಯವರೆಲ್ಲ ಇವರನ್ನು ಕರೆಯುವುದು ಹೊಲಿಗೆಯಕ್ಕ ಎಂದು. ಮೀನಿನ ಹೊಟ್ಟೆಯಲ್ಲಿ ಇವರಿಡುವ ಕೊಳವೆ ನಿಮಿಷಕ್ಕೊಮ್ಮೆ ಕೂಗು ಹಾಕುತ್ತದೆ. ನಮ್ಮ ಕಿವಿಗೆ ನಿಲುಕದ ಕೂಗು. ಒಂದೊಂದು ಕೊಳವೆಗೂ ಅದರದೇ ಸಂಖ್ಯೆ. ನದಿಯುದ್ದಕ್ಕೂ ನೀರಿನ ತಳದಲ್ಲಿ ಕಲ್ಲಿಗೆ ಕಟ್ಟಿದ ಕಪ್ಪು ಪೆಟ್ಟಿಗೆಗಳು ಈ ಕೂಗಿಗೆ ಕಿವಿಗೊಟ್ಟು ಕೂತಿರುತ್ತವೆ. ಯಾವ ಮೀನು ಯಾವಾಗ ಹಾದುಹೋಯಿತೆಂದು ಗುರುತಿಟ್ಟುಕೊಳ್ಳುತ್ತವೆ. ತಿಂಗಳಿಗೊಮ್ಮೆ ಪೆಟ್ಟಿಗೆಗಳನ್ನು ಮೇಲೆತ್ತಿ ಕಂಪ್ಯೂಟರಿಗೆ ಜೋಡಿಸಿದರೆ ಮೀನುಗಳ ಓಡಾಟವೆಲ್ಲ ತೆರೆಯ ಮೇಲೆ ಬರುತ್ತದೆ: ಎಲ್ಲಿ ಮೊಟ್ಟೆಯಿಡುತ್ತವೆ, ಎಲ್ಲಿ ಕಟ್ಟೆ ಅಡ್ಡಬಂದು ಹಿಂದಿರುಗುತ್ತವೆ. ಹೀಗೆ ತಿಳಿದದ್ದರಿಂದಲೇ ಇಲ್ಲಿನ ಒಂದು ಆಳದ ಮಡುವಿನಲ್ಲಿ, ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆ ಬೀಸುವುದು ನಿಂತಿದೆ.

ಗಂಡ ತೀರಿಕೊಂಡ ಮೇಲೆ ಹೊಲಿಗೆಯಕ್ಕ ಅತ್ತೆಯ ಪಕ್ಕ ಕೂತು ಮಾರುಕಟ್ಟೆಯಲ್ಲಿ ಮೀನು ಕೊಯ್ದವರು. ಎಡಗೈ ಹೆಬ್ಬೆರಳಿನಲ್ಲಿ ಹಳೆಯ ಗಾಯಗಳು ಒಂದರ ಮೇಲೊಂದು ಕೂತಿವೆ. ಮಗಳ ಶಾಲೆಗೆ ಹೋದರೆ ಪಕ್ಕದ ತಾಯಂದಿರು ಕುರ್ಚಿ ಸರಿಸಿಕೊಳ್ಳುತ್ತಿದ್ದರಂತೆ. "ವಾಸನೆ ನನಗೆ ಬರ್ತಿರಲಿಲ್ಲ. ಕುರ್ಚಿ ಸರಿಯೋ ಸದ್ದು ಮಾತ್ರ ಕೇಳ್ತಿತ್ತು," ಎನ್ನುತ್ತಾರೆ. ಮಾರುಕಟ್ಟೆಗೆ ಮೀನು ಕೊಳ್ಳಲು ಬರುತ್ತಿದ್ದ ವಿಜ್ಞಾನಿ ಮೇಡಂ ಒಮ್ಮೆ ಇವರ ಕೈಯನ್ನೇ ನೋಡುತ್ತ ನಿಂತು, ಹೊಲಿಗೆ ಕಲಿಯುತ್ತೀರಾ ಎಂದು ಕೇಳಿದರು. ಸ್ಪಂಜು, ಹಣ್ಣಿನ ಸಿಪ್ಪೆ, ಸತ್ತ ಮೀನು ಹೀಗೆ ಪಾಠ ಸಾಗಿತು. ಆಮೇಲೆ ಜೀವಂತ ಮೀನು.

"ಅವತ್ತು ಕೈ ಮುಂದಕ್ಕೇ ಹೋಗ್ಲಿಲ್ಲ. ಸಾವಿರಾರು ಮೀನು ಕೊಯ್ದ ಕೈ! ಸತ್ತ ಮೀನು ಏನೂ ಕೇಳಲ್ಲ. ಇದು ನನ್ನನ್ನೇ ನೋಡ್ತಿತ್ತು. ಮೀನಿಗೆ ರೆಪ್ಪೆ ಇಲ್ಲ ನೋಡಿ, ಕಣ್ಣು ಮುಚ್ಚೋ ಅಂದ್ರೂ ಮುಚ್ಚಲ್ಲ."

ಈ ಕೆಲಸದ ಬಗ್ಗೆ ಅತ್ತೆಯ ಅಭಿಪ್ರಾಯ ಇಡೀ ಮಾರುಕಟ್ಟೆಗೆ ಗೊತ್ತು. "ಕೊಯ್ದ ಮೀನನ್ನ ಹೊಲಿದು ವಾಪಸ್ ನೀರಿಗೆ ಬಿಡೋ ಸೊಸೆನ ಎಲ್ಲಾದ್ರೂ ಕಂಡಿದ್ದೀರೇನ್ರೇ? ನನ್ನ ಮಗ ಹುಡುಕಿ ಹುಡುಕಿ ತಂದಿದ್ದ!"

ಸೊಸೆಯದು ಬೇರೆಯೇ ಲೋಕ. ಪೆಟ್ಟಿಗೆ ಮೇಲೆ ಬಂದ ದಿನ ಮೇಡಂ ಬೆನ್ನ ಹಿಂದೆ ನಿಂತು "ನಮ್ಮವರು ಎಲ್ಲಿಗೆ ಹೋದ್ರು?" ಎಂದು ಕೇಳುವುದು ರೂಢಿಯಾಯಿತು. ಕೆಲವು ಮೀನು ಮೇಲಕ್ಕೆ ಹೋಗುತ್ತಿದ್ದವು, ಕೆಲವು ಕೆಳಕ್ಕೆ. ಹನ್ನೊಂದು ಮೀಸೆ ಮೀನುಗಳು ಮಾತ್ರ ಆ ಆಳದ ಮಡುವಿಗೆ ಈಜಿ ಬಂದವು, ಅಲ್ಲೇ ಉಳಿದವು. ಹೊಲಿಗೆಯಕ್ಕನಿಗೆ ಅವುಗಳ ಮೇಲೆ ಹೆಚ್ಚಿನ ಅಕ್ಕರೆ. ಮನೆ ಬಿಟ್ಟು ಅಲೆಯದ ಮಕ್ಕಳು ಎಂದು ಅತ್ತೆಯೆದುರು ಕೊಚ್ಚಿಕೊಳ್ಳುತ್ತಿದ್ದರು.

ಮಳೆ ಬಂತು. ನದಿ ಏರಿತು. ಮಿಕ್ಕ ಮೀಸೆ ಮೀನುಗಳೆಲ್ಲ ಮೇಲಕ್ಕೆ ಹೊರಟವು. ಮಡುವಿನ ಹನ್ನೊಂದು ಕದಲಲಿಲ್ಲ.

ನೀರು ಇಳಿದ ಮೇಲೆ ಮೇಡಂ ಮಡುವಿಗೆ ಮುಳುಗುಗಾರನೊಬ್ಬನನ್ನು ಇಳಿಸಿದರು. ದೋಣಿಯ ಅಂಚು ಹಿಡಿದು ಮೇಲೆ ಬಂದ ಆತ ಅಂಗೈ ಬಿಚ್ಚಿದ. ಕೆಸರು. ಕೆಸರಿನ ನಡುವೆ ಕಪ್ಪು ಕೊಳವೆ. ಮತ್ತೆ ಮುಳುಗಿದ, ಇನ್ನೊಂದು ತಂದ. ಮೀನಿಲ್ಲ, ಮುಳ್ಳೂ ಇಲ್ಲ. ತಿಂಗಳುಗಟ್ಟಲೆ ಮೀನೆಂದು ನಂಬಿದ್ದ ಆ ಕೂಗು ಹೂಳಿನಿಂದ ಬರುತ್ತಿತ್ತು! ಕೂಗು ಒಂದೇ ಕಡೆಯಿದ್ದರೆ ಮೀನೂ ಅಲ್ಲೇ ಇದೆ ಎಂದುಕೊಳ್ಳುವುದು ಈ ಕೆಲಸದಲ್ಲಿ ಸುಲಭ. ಅದರಲ್ಲೂ ಈ ಜಾತಿಯ ಮೀನು ಬೇಸಿಗೆಯಲ್ಲಿ ಆಳದಲ್ಲಿ ಕೂತೇ ಇರುತ್ತದೆ. ಹಾಗಾಗಿ ಮಳೆಗಾಲದವರೆಗೆ ಯಾರಿಗೂ ಅನುಮಾನ ಬರಲಿಲ್ಲ. ಮೇಡಂಗೂ ಇಲ್ಲ, ಹೊಲಿಗೆಯಕ್ಕನಿಗೂ ಇಲ್ಲ.

"ಹನ್ನೊಂದೂ ನಾನು ಹೊಲಿದ ಮೀನು," ಎನ್ನುವಾಗ ಅವರ ದನಿ ಇಳಿಯುತ್ತದೆ. "ಹೊಲಿಗೆ ಬಿಚ್ಚಿಕೊಳ್ತೋ, ಕರುಳಿಗೆ ಕತ್ತಿ ತಾಗ್ತೋ, ಒಳಗೆ ಕೀವಾಯ್ತೋ. ಅಂತೂ ಸತ್ತು ಕೊಳೆತುಹೋಗಿವೆ, ನಾನಿಟ್ಟ ಕೊಳವೆ ಮಾತ್ರ ಉಳಿದಿದೆ. ಸತ್ತವರನ್ನ ಮುಂದಿಟ್ಕೊಂಡು ಕೊಚ್ಚಿಕೊಂಡೆನಲ್ಲಾ ಅನ್ನಿಸ್ತು. ಮನೆಗೆ ಹೋಗಿ ಹೇಳ್ದೆ. ಅತ್ತೆ ಬಯ್ಯಲಿಲ್ಲ. ತಟ್ಟೆ ಮುಂದಕ್ಕೆ ತಳ್ಳಿ ತಿನ್ನು ಅಂದ್ರು. ಅತ್ತೆ ಬಯ್ಯಲಿಲ್ಲ ಅಂದಾಗ ನಿಜಕ್ಕೂ ಭಯ ಆಯ್ತು."

ಮಗಳ ಅಂಗಿಯ ಗುಂಡಿ ಹೊಲಿಯಲೂ ಆಗಲಿಲ್ಲವಂತೆ. ಸೂಜಿ ಹಿಡಿದರೆ ಬೆರಳು ಮಡಚುತ್ತಿರಲಿಲ್ಲ. ಕೊಲ್ಲುವುದು ಇವರಿಗೆ ಹೊಸತಲ್ಲ, ಮನೆ ನಡೆದದ್ದೇ ಅದರಿಂದ. ಬದುಕಿಸುತ್ತೇನೆಂದು ಕೈ ಹಾಕಿ ಕೊಂದೆನೇ ಎಂಬುದು ಹೊಸತು. ಇನ್ನು ಬರುವುದಿಲ್ಲ ಎಂದು ಹೇಳಲು ಹೋದಾಗ ಮೇಡಂ ಕಚೇರಿಯ ಹಿಂದಿನ ಸಿಮೆಂಟ್ ತೊಟ್ಟಿ ತೋರಿಸಿದರು. ಅದರಲ್ಲಿ ಒಂದಷ್ಟು ಮೀಸೆ ಮೀನು ಸಾಕೋಣ. ಕೆಲವಕ್ಕೆ ನೀವು ಕೊಳವೆಯಿಟ್ಟು ಹೊಲಿಗೆ ಹಾಕಿ, ಕೆಲವಕ್ಕೆ ನಾನು ಹಾಕುತ್ತೇನೆ. ಏನಾಗುತ್ತದೋ ಕಣ್ಣಾರೆ ನೋಡೋಣ ಎಂದರು. ಹೊಲಿಗೆಯಕ್ಕ ಒಪ್ಪಿ ಮತ್ತೆ ಸೂಜಿ ಹಿಡಿದರು. ಅಂದಿನಿಂದ ದಿನಾ ಬೆಳಗ್ಗೆ ಮುಖ ತೊಳೆಯುವ ಮೊದಲು ತೊಟ್ಟಿಯ ಬಳಿ. ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುವ ಮೀನು ಕಾಣುತ್ತದೆಯೇ ಎಂದು ಇಣುಕುವುದು, ಕಾಣದಿದ್ದರೆ ಆ ದಿನವನ್ನು ದಾಟುವುದು. ಹೊಲಿಗೆ ಉದುರಿದವು, ಗಾಯಗಳು ಕೂಡಿಕೊಂಡವು. ಭಯ ಮಾತ್ರ ಕೂಡಿಕೊಳ್ಳಲಿಲ್ಲ.

ಒಂದು ಮುಂಜಾನೆ ತೊಟ್ಟಿಯ ತಳದಲ್ಲಿ ಕಪ್ಪಗೆ ಕೊಳವೆ ಬಿದ್ದಿತ್ತು.

"ಕಿರುಚಿದೆ ಅಂತ ಆಮೇಲೆ ಹೇಳಿದ್ರು. ಮೇಡಂ ಬಾಯಲ್ಲಿ ಬ್ರಷ್ ಇಟ್ಕೊಂಡೇ ಓಡಿ ಬಂದ್ರು. ಎಣಿಸಿದ್ವಿ. ಒಂದೂ ಸತ್ತಿಲ್ಲ! ಎಲ್ಲಾ ಓಡಾಡ್ತಿವೆ!"

ಯಾವುದರ ಹೊಟ್ಟೆಯಿಂದ ಕೂಗು ಬರುತ್ತಿಲ್ಲವೆಂದು ಹುಡುಕಿ ಆ ಮೀನನ್ನು ಎತ್ತಿದರು. ಅದು ಹೊಲಿಗೆಯಕ್ಕನೇ ಹೊಲಿದ ಮೀನು. ಹೊಟ್ಟೆಯ ಮೇಲೆ ಕೂದಲೆಳೆಯಂಥ ಗೆರೆ, ಬೇರೆಲ್ಲೂ ಗಾಯವಿಲ್ಲ. ಕೊಳವೆ ಬಂದದ್ದಾದರೂ ಎಲ್ಲಿಂದ? ಮಿಕ್ಕವನ್ನು ಪಶುವೈದ್ಯರ ಬಳಿಗೊಯ್ದು ಎಕ್ಸ್-ರೇ ತೆಗೆಸಿದಾಗ ಇನ್ನೊಂದರಲ್ಲಿ ಉತ್ತರ ಸಿಕ್ಕಿತು. ಅದರ ಕೊಳವೆ ಕರುಳಿನ ಒಳಗಿತ್ತು, ಅರ್ಧ ದಾರಿಯಲ್ಲಿ. ಇವರು ಇಟ್ಟದ್ದು ಕರುಳಿನ ಹೊರಗೆ. ಕರುಳು ತಾನಾಗಿ ಅದನ್ನು ಸುತ್ತಿಕೊಂಡು, ಒಳಕ್ಕೆಳೆದು, ತಿಂದು ಉಳಿದ ಕಸದ ಜೊತೆ ಹಿಂದಿನಿಂದ ಸಾಗಹಾಕುತ್ತಿತ್ತು. ಇಂಥ ಮೀನುಗಳಲ್ಲಿ ಹೀಗಾಗುವುದುಂಟೆಂದು ಮೇಡಂ ಎಲ್ಲೋ ಓದಿದ್ದರಂತೆ. ಕಣ್ಣೆದುರು ಕಂಡದ್ದು ಅದೇ ಮೊದಲು.

ಹೊಲಿಗೆಯಕ್ಕ ಮೊದಲು ಅತ್ತರು, ಆಮೇಲೆ ನಕ್ಕರು. "ಅತ್ತೆ ಮಾತೆಲ್ಲ ಇಷ್ಟು ವರ್ಷ ಒಳಗೇ ಇಟ್ಕೊಂಡಿದೀನಲ್ಲಾ, ಈ ಉಪಾಯ ಯಾರಾದ್ರೂ ಮೊದಲೇ ಹೇಳಿಕೊಡಬಾರದಿತ್ತಾ!"

ಈಗ ಮತ್ತೆ ದೋಣಿ ಹತ್ತಿದ್ದಾರೆ. ಬೆಳಗಿಗೆ ಏಳೆಂಟು ಮೀನು, ಒಂದೊಂದಕ್ಕೆ ನಾಲ್ಕೈದು ನಿಮಿಷ. ಕೊಳವೆ ಕಳೆದುಕೊಂಡರೂ ಗುರುತು ಸಿಗಲೆಂದು ಬೆನ್ನಿನ ರೆಕ್ಕೆಗೆ ಹಳದಿ ಪಟ್ಟಿ ಸಿಕ್ಕಿಸುತ್ತಾರೆ. ಮೊಟ್ಟೆಯಿಡುವ ತಿಂಗಳುಗಳಲ್ಲಿ ಮಡುವಿಗೆ ಈಗಲೂ ಬಲೆ ಇಳಿಯುವುದಿಲ್ಲ. ಹನ್ನೊಂದೂ ಅಲ್ಲಿಗೆ ತಾವಾಗಿ ಈಜಿ ಬಂದದ್ದಂತೂ ಸುಳ್ಳಲ್ಲ. ಆದರೆ ಆ ಹನ್ನೊಂದಕ್ಕೆ ಪಟ್ಟಿಯಿರಲಿಲ್ಲ. ಅವುಗಳಲ್ಲಿ ಎಷ್ಟು ಕೊಳವೆ ಕೊಡವಿಕೊಂಡು ಹೋದವು, ಎಷ್ಟು ಸತ್ತವು ಎಂದು ಹೇಳಲು ಸಾಧ್ಯವಿಲ್ಲ ಎನ್ನುತ್ತಾರೆ ಮೇಡಂ. ಸಮಾಧಾನಕ್ಕೂ ಸುಳ್ಳು ಹೇಳುವವರಲ್ಲ ಅವರು.

ಅದಕ್ಕೇ ಮಾರುಕಟ್ಟೆಯ ಹೆಂಗಸರಿಗೆಲ್ಲ ಹೊಲಿಗೆಯಕ್ಕ ಹೇಳಿಟ್ಟಿದ್ದಾರೆ: ಮೀಸೆ ಮೀನು ಬಂದರೆ ಕೊಯ್ಯುವ ಮೊದಲು ಹೊಟ್ಟೆಯ ಮೇಲೆ ಹೊಲಿಗೆಯ ಗೆರೆ ಇದೆಯೇ ನೋಡಿ. ಅತ್ತೆ ಗೊಣಗುತ್ತಲೇ ಒಂದೊಂದನ್ನೂ ಮಗುಚಿ ನೋಡುತ್ತಾರಂತೆ. ಗೆರೆಯಿರುವುದು ಇನ್ನೂ ಸಿಕ್ಕಿಲ್ಲ.

"ಸಿಕ್ಕರೆ ಏನು ಮಾಡ್ತೀರಿ?" ಕೇಳುತ್ತೇನೆ.

"ಒಂದ್ಸಲ ಮುಟ್ಟಿ ನೋಡ್ತೀನಿ. ನನ್ನ ಹೊಲಿಗೆ ನನಗೆ ಗೊತ್ತಾಗುತ್ತೆ. ಆಮೇಲೆ ಅತ್ತೆ ಕೊಯ್ಲಿ, ಅವರ ವ್ಯಾಪಾರ ಯಾಕೆ ಕೆಡಿಸ್ಲಿ?"

"ಮಾರುಕಟ್ಟೆಗೆ ಬರುವಾಗ ಸತ್ತಿರುತ್ತಲ್ಲಾ?"

ಅವರು ಕೈ ಒರೆಸಿಕೊಳ್ಳುತ್ತಾರೆ.

"ಸತ್ತಿರುತ್ತೆ. ಆದ್ರೆ ನನ್ನಿಂದಲ್ಲ."